ಅಭಯದಾನವೂ ಕಡಲಾಮೆಯೂ

ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತ ಸ್ವಾಮಿಗಳ ಲಾಂಛನ ಆಮೆಯೆಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದ ವಿಷಯ. ಶನಿಗ್ರಹದ ಬಾಧೆಗೆ ಅಂಜಿದವರು ಶನಿವಾರ ಆ ಸ್ವಾಮಿಗಳಿಗೆ ಅಭಿಷೇಕ ಮಾಡಿಸುವ ರೂಢಿಯೂ ನಮ್ಮಲ್ಲುಂಟು. ಹಾಲು, ಗಂಧ, ಜಲಗಳು ಬಿಂಬದ ಮೇಲಿನಿಂದ ಇಳಿದು ಪೀಠದ ಆಮೆಯನ್ನು ತೋಯಿಸಿ ಹರಿಯುತ್ತವೆ. ಇದು ಯಾವ ತೀರ್ಥಂಕರರ ಬಿಂಬವೆಂದು ಗುರುತಿಸುವಷ್ಟಕ್ಕೆ ಮಾತ್ರ ಆ ಆಮೆಯನ್ನು ನೋಡಿ ನಾವು ಮುಂದೆ ಸಾಗುತ್ತೇವೆ.

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ಬೀದರ ನಗರದಲ್ಲಿ ಮಧ್ಯಾಹ್ನದ ಸ್ವಾಧ್ಯಾಯ ನಡೆದಿತ್ತು. ಭಾಲ್ಕಿ, ಔರಾದಗಳಿಂದಲೂ ಕೆಲವು ಕುಟುಂಬಗಳು ಬಂದಿದ್ದವು. ಪ್ರಾಣಿಸಂಯಮದ ವಿವೇಚನೆ ಮುಗಿಯುತ್ತಿದ್ದಂತೆ, ಕಾನೂನು ಓದುತ್ತಿರುವ ಔರಾದದ ಹುಡುಗಿಯೊಬ್ಬಳು ಎದ್ದು ನಿಂತು ಹಿರಿಯರೊಬ್ಬರನ್ನು ಕೇಳಿದಳು: "ಕಾಕಾ, ಪೀಠದ ಮೇಲಿನ ಆಮೆಗೆ ಅಭಿಷೇಕ ಮಾಡುತ್ತೇವೆ. ಸಮುದ್ರದಲ್ಲಿರುವ ಆಮೆಗೆ ನಾವು ಏನು ಮಾಡಿದ್ದೇವೆ?" ಹಿರಿಯರು ನಕ್ಕು ಉತ್ತರಿಸಿದರು: "ಏನೂ ಮಾಡಿಲ್ಲವ್ವ. ನಮ್ಮ ಏಳು ತಲೆಮಾರಿನಲ್ಲಿ ಯಾರೂ ಅದರ ಮೈ ಮುಟ್ಟಿಲ್ಲ. ಏನೂ ಮಾಡದಿರುವುದೇ ಅಹಿಂಸೆ."

ಆ ಹಿರಿಯರು ಪ್ರತಿ ಚತುರ್ದಶಿಗೂ ನಿರ್ಜಲ ಉಪವಾಸ ಮಾಡುವವರು. ಅವರ ಮಾತಿಗೆ ಸಭೆಯಲ್ಲಿ ತೂಕವಿತ್ತು. ಎಲ್ಲರಂತೆ ನಾನೂ ತಲೆದೂಗಿದೆ. ಆದರೆ ಮನೆಗೆ ಬಂದ ಮೇಲೆ ಆ ಉತ್ತರ ನನ್ನನ್ನು ಬಿಡಲಿಲ್ಲ. ಏನೂ ಮಾಡದಿರುವುದು ಮತ್ತು ಅಹಿಂಸೆ, ಇವೆರಡೂ ಒಂದೆಯೇ? ವ್ರತಿಯಾದ ಶ್ರಾವಕನಿಗೆ ತನ್ನ ಕೈ ನಿರ್ಮಲವಾಗಿದ್ದರೆ ಸಾಕೇ? ಈ ಪ್ರಶ್ನೆಯನ್ನು ಧರ್ಮಬಂಧುಗಳ ಮುಂದೆ ವಿಚಾರಕ್ಕಾಗಿ ಇಡುತ್ತಿದ್ದೇನೆ.

ಕಡಲಾಮೆಯ ಬಾಳು

ಮೊದಲು ಆ ಜೀವಿಯ ಪರಿಚಯ ಆಗಬೇಕು. ಭಾರತದ ಸಮುದ್ರಗಳಲ್ಲಿ ಐದು ಜಾತಿಯ ಕಡಲಾಮೆಗಳುಂಟು. ಅವುಗಳಲ್ಲಿ ನಮ್ಮ ಕರಾವಳಿಗೆ ಹೆಚ್ಚಾಗಿ ಬರುವುದು ಆಲಿವ್ ರಿಡ್ಲೆ ಎಂಬ ಜಾತಿ. ಅದು ನೀರಿನಲ್ಲಿ ಬಾಳಿದರೂ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಆಗಾಗ ಮೇಲೆ ಬಂದು ಗಾಳಿಯನ್ನು ಎಳೆದುಕೊಳ್ಳಲೇಬೇಕು. ಹೆಣ್ಣಾಮೆ ಚಳಿಗಾಲ ಬೇಸಗೆಗಳ ನಡುವೆ ರಾತ್ರಿಯ ಹೊತ್ತು ದಡಕ್ಕೆ ತೆವಳಿ ಬಂದು, ಹಿಂಗಾಲುಗಳಿಂದ ಮರಳಿನಲ್ಲಿ ಕುಳಿ ತೋಡಿ, ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಹಿಂದಿರುಗುತ್ತದೆ. ಮತ್ತೆ ಆ ಮೊಟ್ಟೆಗಳತ್ತ ತಿರುಗಿ ನೋಡುವುದಿಲ್ಲ. 45ರಿಂದ 60 ದಿನಗಳಲ್ಲಿ ಮರಳಿನ ಕಾವಿನಿಂದಲೇ ಮರಿಗಳು ಹೊರಬರುತ್ತವೆ. ಮರಿ ಗಂಡಾಗುವುದೂ ಹೆಣ್ಣಾಗುವುದೂ ಆ ಕಾವನ್ನೇ ಅವಲಂಬಿಸಿದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು.

ಮರಿಗೆ ದಾರಿ ತೋರುವುದು ಬೆಳಕು. ಕತ್ತಲೆಯ ದಡದಲ್ಲಿ ಸಮುದ್ರದ ಅಂಚು ತುಸು ಬೆಳ್ಳಗಿರುತ್ತದೆ; ಮರಿ ಅತ್ತ ಓಡುತ್ತದೆ. ಬೆನ್ನ ಹಿಂದೆ ವಸತಿಗೃಹದ ದೀಪ ಉರಿಯುತ್ತಿದ್ದರೆ ದಿಕ್ಕು ತಪ್ಪಿ ಊರಿನತ್ತ ನಡೆದು, ನಾಯಿ ಕಾಗೆಗಳಿಗೆ ತುತ್ತಾಗುತ್ತದೆ. ಸಾವಿರ ಮರಿಗಳಲ್ಲಿ ಒಂದು ಬೆಳೆದು ದೊಡ್ಡದಾದರೆ ಅದೇ ಭಾಗ್ಯವೆಂದು ಬಲ್ಲವರು ಹೇಳುತ್ತಾರೆ. ಆದುದರಿಂದ ಬೆಳೆದ ಒಂದು ಆಮೆ ಸತ್ತರೆ ಅದರ ಹಿಂದೆ ಅಳಿದುಹೋದ ಸಾವಿರ ಮರಿಗಳ ಲೆಕ್ಕವೂ ಅಲ್ಲಿ ಸೇರುತ್ತದೆ.

ಹಾಗೆ ಬೆಳೆದ ಆಮೆಗೆ ದೊಡ್ಡ ಮೃತ್ಯು ಎಳೆಬಲೆ. ಸಿಗಡಿ ಹಿಡಿಯುವ ಟ್ರಾಲರ್ ದೋಣಿಗಳು ಬಲೆಯನ್ನು ಗಂಟೆಗಟ್ಟಲೆ ನೀರಿನ ತಳದಲ್ಲಿ ಎಳೆಯುತ್ತವೆ. ಅದರಲ್ಲಿ ಸಿಕ್ಕ ಆಮೆ ಮೇಲೆ ಬಂದು ಉಸಿರು ತೆಗೆಯಲಾರದೆ ಮುಳುಗಿ ಸಾಯುತ್ತದೆ. ಅದನ್ನು ಕೊಲ್ಲಬೇಕೆಂಬ ಸಂಕಲ್ಪ ಯಾರಿಗೂ ಇರುವುದಿಲ್ಲ. ಸಿಗಡಿಗಾಗಿ ಒಡ್ಡಿದ ಬಲೆಗೆ ಆಮೆ ಬಲಿಯಾಗುತ್ತದೆ.

ಊರವರ ಕಾವಲು

ಕೆಲವು ವರ್ಷಗಳ ಹಿಂದೆ ಫಾಲ್ಗುಣದ ಅಷ್ಟಾಹ್ನಿಕ ಪರ್ವದಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿಯ ದರ್ಶನಕ್ಕೆ ಹೋಗಿದ್ದೆವು. ರಾಣಿ ಚೆನ್ನಭೈರಾದೇವಿಯ ಆ ನಾಡಿನಲ್ಲಿ ಬಸದಿಯ ಬಳಿ ಹರಿಯುವ ಶರಾವತಿಯೇ ಮುಂದೆ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆ ಸಂಗಮದ ದಕ್ಷಿಣ ದಡ ಕಾಸರಕೋಡು. ಸಮುದ್ರ ಕಾಣದ ನಮ್ಮ ಮಕ್ಕಳು ಹಟ ಹಿಡಿದುದರಿಂದ ಸಂಜೆ ಅಲ್ಲಿಗೆ ಹೋದೆವು.

ದಡದ ಒಂದು ಕಡೆ ಮರಳಿನ ಮೇಲೆ ಬಲೆಯ ಬೇಲಿ ಕಟ್ಟಿತ್ತು. ಪಕ್ಕದಲ್ಲಿ ಮೀನುಗಾರನೊಬ್ಬ ಕುಳಿತಿದ್ದ. ಒಳಗೆ ಆಮೆಯ ಮೊಟ್ಟೆಗಳಿವೆಯೆಂದೂ, ಅರಣ್ಯ ಇಲಾಖೆಗೆ ತಿಳಿಸಿ ಬೇಲಿ ಹಾಕಿದ್ದೇವೆಂದೂ, ನಾಯಿಗಳು ಬರದಂತೆ ಸರದಿಯಲ್ಲಿ ಕಾಯುತ್ತೇವೆಂದೂ ಅವನು ಹೇಳಿದ. ಅಜ್ಜನ ಕಾಲದಲ್ಲಿ ಇದೇ ಮೊಟ್ಟೆಗಳನ್ನು ಅಗೆದು ತಿನ್ನುತ್ತಿದ್ದುದನ್ನೂ ಮುಚ್ಚಿಡಲಿಲ್ಲ. ಎಷ್ಟು ರಾತ್ರಿ ಕಾದಿರಿ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದ. ಅಂದು ನನ್ನದು ಏಕಭುಕ್ತ. ಸೂರ್ಯಾಸ್ತಕ್ಕೆ ಮುಂಚೆ ಸೋಸಿದ ನೀರು ಕುಡಿದು ಮುಗಿಸಬೇಕೆಂಬ ಅವಸರದಲ್ಲಿ ಗಡಿಯಾರ ನೋಡುತ್ತಿದ್ದೆ. ಮೀನು ಹಿಡಿದು ಬದುಕುವ ಆ ಮನುಷ್ಯ ಒಂದು ಗೂಡಿಗಾಗಿ ನಿದ್ದೆಗೆಟ್ಟಿದ್ದ. ಗಡ್ಡೆಗೆಣಸು ಕೂಡ ಮುಟ್ಟದ ನಾನು ಯಾವ ಜೀವಿಗಾಗಿ ಒಂದು ರಾತ್ರಿ ಎಚ್ಚರವಿದ್ದೆನೆಂದು ನೆನಪು ಮಾಡಿಕೊಂಡೆ. ಒಂದೂ ನೆನಪಾಗಲಿಲ್ಲ.

ಇಂತಹ ಕಾವಲು ಕಾಸರಕೋಡಿಗೆ ಮಾತ್ರ ಸೀಮಿತವಲ್ಲ. ಕಾರವಾರದ ದೇವಬಾಗ, ಕುಂದಾಪುರದ ಕೋಡಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ತೈಕ್ಕಡಪ್ಪುರಂ, ಹೀಗೆ ನಮ್ಮ ಪಡುಗಡಲಿನ ಉದ್ದಕ್ಕೂ ಊರವರು ಗೂಡುಗಳನ್ನು ಕಾಯುತ್ತಾರೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಹಳ್ಳಿಯಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಈ ಕೆಲಸ ಆರಂಭಿಸಿತು. ಅಲ್ಲಿ ಈಗ ಮರಿಗಳು ಕಡಲಿಗೆ ಹೋಗುವುದನ್ನು ನೋಡಲು ಜನ ಬರುತ್ತಾರೆ. ಆ ಅತಿಥಿಗಳಿಗೆ ಮನೆಮನೆಯಲ್ಲಿ ಊಟ ವಸತಿ ಒದಗಿಸಿ ಊರು ಸಂಪಾದನೆ ಮಾಡುತ್ತದೆ. ಒಡಿಶಾದ ಋಷಿಕುಲ್ಯಾ ನದಿಯ ಮುಖದಲ್ಲಿ ಹಳ್ಳಿಯ ಯುವಕರು ಸಮಿತಿ ಕಟ್ಟಿಕೊಂಡು ದಡವನ್ನು ಕಾಯುತ್ತಾರೆ. ಅಲ್ಲಿ 2025ರ ಫೆಬ್ರವರಿಯಲ್ಲಿ ಸುಮಾರು ಏಳು ಲಕ್ಷ ಆಮೆಗಳು ಮೊಟ್ಟೆಯಿಟ್ಟವೆಂದು ಅರಣ್ಯ ಇಲಾಖೆ ಅಂದಾಜು ಮಾಡಿತು. ಅದೇ ಒಡಿಶಾದಲ್ಲಿ 1970ರ ದಶಕದ ನಡುವಿನವರೆಗೂ ಮೊಟ್ಟೆ ಸಂಗ್ರಹಕ್ಕೆ ಸರ್ಕಾರವೇ ಪರವಾನಿಗೆ ಕೊಡುತ್ತಿತ್ತೆಂಬುದನ್ನು ನೆನೆದರೆ, ಮನುಷ್ಯನ ಬುದ್ಧಿ ಎಷ್ಟು ತಿರುಗಬಲ್ಲುದೆಂಬುದು ತಿಳಿಯುತ್ತದೆ.

ಶಾಸನದ ಆಸರೆ

ಬುದ್ಧಿ ತಿರುಗಲು ಶಾಸನವೂ ನೆರವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕಡಲಾಮೆಗಳಿವೆ. ಆ ಕಾಯ್ದೆಯಲ್ಲಿ ಬೇಟೆಯೆಂದರೆ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ. ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದೂ, ಗೂಡನ್ನು ಕದಡುವುದೂ ಬೇಟೆಯೇ. ನಮ್ಮ ಆಚಾರ್ಯರು ಹಿಂಸೆಯನ್ನು ಸೂಕ್ಷ್ಮವಾಗಿ ವಿಭಾಗಿಸಿದ ಕ್ರಮ ಬಲ್ಲವರಿಗೆ ಈ ವ್ಯಾಖ್ಯೆ ಅಪರಿಚಿತವೆನಿಸದು. ಅಪರಾಧವನ್ನು ಕಂಡ ಯಾವ ವ್ಯಕ್ತಿಯೂ ಅರವತ್ತು ದಿನಗಳ ನೋಟೀಸು ಕೊಟ್ಟು ತಾನೇ ನ್ಯಾಯಾಲಯಕ್ಕೆ ದೂರು ಸಲ್ಲಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು 1991ರಲ್ಲಿ, ಬಳಿಕ 2011 ಮತ್ತು 2019ರಲ್ಲಿ ಹೊರಟಿತು. ಅದರಲ್ಲಿ ಆಮೆ ಮೊಟ್ಟೆಯಿಡುವ ತಾಣಗಳು ಅತ್ಯಂತ ಹೆಚ್ಚಿನ ರಕ್ಷಣೆಯ ವರ್ಗಕ್ಕೆ ಸೇರಿವೆ. 2010ರ ಕಾಯ್ದೆಯಿಂದ ಹಸಿರು ನ್ಯಾಯಾಧಿಕರಣವೂ ಬಂದಿದೆ. ಇವೆಲ್ಲಕ್ಕೂ ಮೇಲೆ, 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ ಜೀವಿಗಳಲ್ಲಿ ಅನುಕಂಪೆಯನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿದೆ.

ಆದರೆ ಶಾಸನ ತಾನಾಗಿ ನಡೆಯುವುದಿಲ್ಲ. ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಯನ್ನು ಮೀನುಗಾರ ಕುಟುಂಬಗಳು ವರ್ಷಗಳಿಂದ ವಿರೋಧಿಸುತ್ತ ಬಂದಿವೆ. ವಿವಾದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ದಡ ಆಮೆ ಮೊಟ್ಟೆಯಿಡುವ ತಾಣವೇ ಅಲ್ಲವೇ ಎಂಬುದೂ ಅಲ್ಲಿ ವಾದದ ಒಂದು ವಿಷಯ. ಇಂತಹ ಸಂದರ್ಭದಲ್ಲಿ ಗೂಡು ಕಂಡ ದಿನಾಂಕ, ಸ್ಥಳ, ಚಿತ್ರ, ಮೊಟ್ಟೆಗಳ ಸಂಖ್ಯೆ ಬರೆದಿಟ್ಟವನೇ ಆಮೆಯ ಪರವಾದ ಸಾಕ್ಷಿ. ಆಮೆ ನ್ಯಾಯಾಲಯಕ್ಕೆ ಬಂದು ಹೇಳಲಾರದು. ಅದರ ಪರವಾಗಿ ಯಾರಾದರೂ ಹೇಳಬೇಕು.

ಇಲ್ಲಿ ಕುಮಾರ ಪಾರ್ಶ್ವನಾಥರ ವೃತ್ತಾಂತ ಮನಸ್ಸಿಗೆ ಬರುತ್ತದೆ. ಬೀದರಿನ ಸಮೀಪದ ಕಮಠಾಣದ ಪಾರ್ಶ್ವನಾಥ ಬಸದಿಗೆ ಹೋಗಿಬರುವ ನಮಗೆ ಅದು ಕೇಳಿ ಕೇಳಿ ಪರಿಚಿತವಾದ ಕಥೆ. ತಾಪಸನು ಮರದ ದಿಮ್ಮಿಯನ್ನು ಸೀಳಲು ಕೊಡಲಿಯೆತ್ತಿದಾಗ, ಒಳಗೆ ನಾಗಯುಗ್ಮವಿದೆ, ಕಡಿಯಬೇಡ ಎಂದು ಕುಮಾರನು ತಡೆದನು. ಕೊಡಲಿ ಅವನ ಕೈಯಲ್ಲಿರಲಿಲ್ಲ. ದಿಮ್ಮಿ ಅವನದಲ್ಲ. ಏನೂ ಮಾಡದಿರುವುದೇ ಅಹಿಂಸೆಯಾಗಿದ್ದರೆ ಅವನು ಸುಮ್ಮನೆ ಆನೆಯ ಮೇಲೆ ಮುಂದೆ ಹೋಗಬಹುದಾಗಿತ್ತು. ಅವನು ಮಾತನಾಡಿದನು. ಕೇಳದವನ ಮುಂದೆಯೂ ಮಾತನಾಡಿದನು.

ಕೃತ, ಕಾರಿತ, ಅನುಮೋದಿತ

ಕಾಸರಕೋಡಿನ ಆ ಮೀನುಗಾರ ಇನ್ನೊಂದು ಮಾತು ಹೇಳಿದ್ದ. ದೊಡ್ಡ ದೋಣಿಗಳಿಗೆ ಹಣ ಹಾಕುವವರು ದಡದ ಊರುಗಳವರೇ ಆಗಿರಬೇಕೆಂದಿಲ್ಲ, ಸಮುದ್ರವನ್ನೇ ನೋಡದವರೂ ಇರುತ್ತಾರೆ ಎಂದ. ಆಗ ಅದು ನನಗೆ ತಾಗಲಿಲ್ಲ. ಹಿಂದಿರುಗಿದ ಮೇಲೆ ಮಗನೊಡನೆ ಲೆಕ್ಕಪತ್ರ ನೋಡುವಾಗ ತಾಗಿತು. ನನ್ನ ಉಳಿತಾಯದ ಒಂದು ಸಣ್ಣ ಭಾಗ ಸಿಗಡಿ ರಫ್ತು ಮಾಡುವ ಕಂಪನಿಯೊಂದರ ಷೇರುಗಳಲ್ಲಿತ್ತು. ಪರಿಚಿತರೊಬ್ಬರ ಮಾತಿನ ಮೇಲೆ ಕೊಂಡವು. ಆ ಕಂಪನಿಯ ಸಿಗಡಿ ಹೊಂಡದಲ್ಲಿ ಸಾಕಿದ್ದೋ, ಕಡಲಿನಲ್ಲಿ ಎಳೆಬಲೆಯಿಂದ ಹಿಡಿದದ್ದೋ ನಾನು ವಿಚಾರಿಸಿರಲಿಲ್ಲ. ಸಾಕಿದ್ದಾದರೂ ಸಿಗಡಿಯೂ ಜೀವವೇ ಎಂಬುದನ್ನೂ ಯೋಚಿಸಿರಲಿಲ್ಲ. ಅದರ ಲಾಭಾಂಶದಿಂದ ಒಂದು ವರ್ಷ ಪರ್ವದ ಪೂಜೆಗೆ ದಾನ ಕೊಟ್ಟಿದ್ದೆ. ಮೀನನ್ನು ನಾನು ಮುಟ್ಟಿದವನಲ್ಲ. ನನ್ನ ಹಣ ಮುಟ್ಟಿತ್ತು.

ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದವರನ್ನು ಒಪ್ಪುವುದು, ಈ ಮೂರನ್ನೂ ಆಸ್ರವದ ದ್ವಾರಗಳೆಂದು ನಾವು ಬಾಲ್ಯದಿಂದ ಓದಿದ್ದೇವೆ. ಪ್ರಮಾದವೇ ಹಿಂಸೆಯ ಮೂಲವೆಂದೂ ಓದಿದ್ದೇವೆ. ವಿಚಾರಿಸದಿರುವುದಕ್ಕಿಂತ ದೊಡ್ಡ ಪ್ರಮಾದ ಯಾವುದು? ನೇಮಿನಾಥ ಸ್ವಾಮಿಗಳು ವಿವಾಹದ ದಾರಿಯಲ್ಲಿ ಬೇಲಿಯೊಳಗಿನ ಪಶುಗಳ ಆಕ್ರಂದನ ಕೇಳಿ, ಇವು ಯಾರಿಗಾಗಿ ಎಂದು ವಿಚಾರಿಸಿದರು. ಆ ಒಂದು ಪ್ರಶ್ನೆಯಿಂದ ರಥ ಹಿಂದಿರುಗಿತು. ನಾನು ಆ ಷೇರುಗಳನ್ನು ಮಾರಿದೆ. ಆ ಲಾಭ ದೊಡ್ಡದಲ್ಲ. ಆದರೆ ಆ ವರ್ಷದ ಉಪವಾಸಗಳನ್ನು ನೆನೆದಾಗ ಮನಸ್ಸು ಇಂದಿಗೂ ಕುಗ್ಗುತ್ತದೆ.

ಶಂಕೆ, ಸಮಾಧಾನ

ಇಲ್ಲಿ ಮೂರು ಶಂಕೆಗಳು ಏಳುವುದು ಸಹಜ.

ಮೊದಲನೆಯದು: ಆಮೆಯೂ ಏಡಿ, ಮೀನುಗಳನ್ನು ತಿನ್ನುವ ಪ್ರಾಣಿ. ಅದನ್ನು ಉಳಿಸಿದರೆ ಅದು ಮಾಡುವ ಹಿಂಸೆಗೆ ನಾವು ಭಾಗಿಗಳಾಗುವುದಿಲ್ಲವೇ? ಹಿಂಸಕ ಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂಬ ವಾದವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಪ್ರಾಣಿಗಳ ಆಹಾರಕ್ಕೆ ತೀರ್ಪುಗಾರರಾಗುವುದು ನಮ್ಮ ಅಧಿಕಾರವಲ್ಲ. ಮನುಷ್ಯನ ಬಲೆ, ದೀಪ, ಕಸಗಳಿಂದ ಆಗುವ ಸಾವನ್ನು ತಡೆಯುವುದಷ್ಟೇ ನಮ್ಮ ಪಾಲಿನ ಹೊಣೆ.

ಎರಡನೆಯದು ಆ ಹಿರಿಯರೇ ಆಮೇಲೆ ನನಗೆ ಹೇಳಿದ್ದು: ಪ್ರತಿಯೊಂದು ಜೀವವೂ ತನ್ನ ಆಯುಕರ್ಮದಿಂದ ಬದುಕುತ್ತದೆ, ಆಯು ಮುಗಿದಾಗ ಸಾಯುತ್ತದೆ, ನಾನು ಬದುಕಿಸಿದೆನೆಂಬುದು ಅಜ್ಞಾನವೆಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಹೇಳಿಲ್ಲವೇ? ಹೇಳಿದ್ದಾರೆ, ಅದು ಪರಮಸತ್ಯ. ಆದರೆ ಅದು ಕರ್ತೃತ್ವದ ಅಹಂಕಾರವನ್ನು ಕಳೆಯಲು ಹೇಳಿದ ಮಾತು, ಕರುಣೆಯನ್ನು ಕಳೆಯಲು ಅಲ್ಲ. ಅದೇ ಆಚಾರ್ಯರು ಪಂಚಾಸ್ತಿಕಾಯದಲ್ಲಿ ಹಸಿದ, ಬಾಯಾರಿದ, ನೊಂದ ಜೀವಿಯನ್ನು ಕಂಡು ಮರುಗಿ ನೆರವಾಗುವುದನ್ನು ಅನುಕಂಪೆಯೆಂದು ವಿವರಿಸಿದ್ದಾರೆ. ನಿಶ್ಚಯನಯವನ್ನು ನಾವು ನಮ್ಮ ಮಗುವಿಗೆ ಜ್ವರ ಬಂದಾಗ ಮುಂದಿಡುವುದಿಲ್ಲ. ವೈದ್ಯರ ಬಳಿಗೆ ಓಡುತ್ತೇವೆ. ಆಮೆಯ ಸಾವಿನ ಮುಂದೆ ಮಾತ್ರ ಅದನ್ನು ನೆನೆಯುವುದು ನಯಜ್ಞಾನವಾಗದು. ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವನ್ನೂ ನಾಲ್ಕನೆಯ ದಾನವಾಗಿ ಎಣಿಸಿದ್ದು ನಮ್ಮ ಆಚಾರ್ಯ ಪರಂಪರೆಯೇ. ದಾನವೆಂದ ಮೇಲೆ ಕೈ ಮುಂದೆ ಚಾಚಲೇಬೇಕು.

ಮೂರನೆಯದು ಕಠಿಣವಾದ ಶಂಕೆ. ಶಾಸನದ ಹಿಂದೆ ದಂಡವಿದೆ. ಆಮೆಗಾಗಿ ಬಡ ಮೀನುಗಾರನನ್ನು ಸೆರೆಮನೆಗೆ ಕಳುಹಿಸುವುದು ಅಹಿಂಸೆಯೇ? ಒಡಿಶಾದ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳಲ್ಲಿ ನವೆಂಬರ್‌ನಿಂದ ಮೇ ಕೊನೆಯವರೆಗೆ, ಏಳು ತಿಂಗಳು, ದಡದಿಂದ 20 ಕಿಲೋಮೀಟರ್‌ವರೆಗೆ ಮೀನುಗಾರಿಕೆ ನಿಷಿದ್ಧ. ಆಮೆಗಳಿಗೆ ಅದರಿಂದ ಉಪಕಾರವಾಗಿದೆ. ಆದರೆ ಆ ಏಳು ತಿಂಗಳು ಸಣ್ಣ ದೋಣಿಯವನ ಒಲೆ ಹೇಗೆ ಉರಿಯಬೇಕೆಂಬ ಪ್ರಶ್ನೆಯೂ ನಿಜ. ಸರ್ಕಾರ ಕೊಡುವ ಪರಿಹಾರ ಸಾಲದೆಂಬ ದೂರು ಅಲ್ಲಿ ಇದ್ದೇ ಇದೆ.

ಇದಕ್ಕೆ ಲೋಕದ ದೊಡ್ಡ ವ್ಯವಹಾರದಲ್ಲೂ ಒಂದು ನಿದರ್ಶನವುಂಟು. ಬಲೆಗೆ ಕಬ್ಬಿಣದ ಸರಳುಗಳ ಚೌಕಟ್ಟನ್ನು ಕೂಡಿಸಿದರೆ ಸಿಗಡಿ ಒಳಗೆ ಹೋಗುತ್ತದೆ, ಆಮೆ ತಡೆದು ಹೊರದಾರಿಯಿಂದ ಪಾರಾಗುತ್ತದೆ. ಅದಕ್ಕೆ 'ಟೆಡ್' ಎಂದು ಹೆಸರು. ಅದಿಲ್ಲದ ದೇಶಗಳ ಸಿಗಡಿ ಬೇಡವೆಂದು ಅಮೆರಿಕ 1989ರಲ್ಲಿ ಕಾನೂನು ಮಾಡಿತು. ಅದರ ವಿರುದ್ಧ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದವು. 1998ರಲ್ಲಿ ಬಂದ ಮೇಲ್ಮನವಿಯ ತೀರ್ಪು ಅರ್ಥಪೂರ್ಣವಾಗಿತ್ತು: ಆಮೆಯನ್ನು ರಕ್ಷಿಸುವ ಉದ್ದೇಶ ಸರಿ, ಆದರೆ ಅದನ್ನು ದೇಶದೇಶಗಳ ನಡುವೆ ಪಕ್ಷಪಾತವಾಗುವಂತೆ ಜಾರಿಗೊಳಿಸಿದ್ದು ತಪ್ಪು. ಸಾಧ್ಯ ಶುದ್ಧವಾಗಿದ್ದರೆ ಸಾಲದು, ಸಾಧನವೂ ಶುದ್ಧವಾಗಿರಬೇಕೆಂದು ನಾವು ಹೇಳುವುದನ್ನೇ ಆ ನ್ಯಾಯಪೀಠ ತನ್ನ ಭಾಷೆಯಲ್ಲಿ ಹೇಳಿತು. ಮುಂದೆ 2019ರಲ್ಲಿ ಅಮೆರಿಕ ಭಾರತದ ಕಡಲ ಸಿಗಡಿಯ ಆಮದನ್ನು ನಿಲ್ಲಿಸಿತು. ಆ ಬಳಿಕ ಟೆಡ್ ಅಳವಡಿಸಲು ಕೇಂದ್ರ ಸರ್ಕಾರ ನೆರವು ಕೊಡತೊಡಗಿತು.

ಆದುದರಿಂದ ಸಮಾಧಾನ ಇದು. ದೂರು ಕೊಡುವ ಕೈಯಲ್ಲಿ ಕ್ರೋಧ ಇರಬಾರದು. ಮೀನುಗಾರನು ಪಾಪಿ, ನಾನು ಪುಣ್ಯವಂತ ಎಂಬ ಮಾನಕಷಾಯ ಅದಕ್ಕಿಂತಲೂ ಇರಬಾರದು. ಅವನ ಬಲೆಯ ಬೆಲೆಯಲ್ಲಿ ಪಾಲುಗೊಳ್ಳದೆ, ಅವನ ನಷ್ಟ ತುಂಬಿಕೊಡುವಂತೆ ಒತ್ತಾಯಿಸದೆ, ಶಿಕ್ಷೆಯನ್ನಷ್ಟೇ ಬೇಡುವುದು ಅರ್ಧ ಧರ್ಮ. ಆಮೆಗೆ ಅಭಯದಾನ, ಅವನ ಮನೆಗೆ ಆಹಾರದಾನ, ಎರಡೂ ಒಟ್ಟಿಗೆ ನಡೆಯಬೇಕು.

ನಮ್ಮ ಮಂಜೀರೆ

ಸಮುದ್ರ ನಮಗೆ ದೂರವೆಂಬುದೂ ಅರ್ಧಸತ್ಯ. ಬೀಡ ಜಿಲ್ಲೆಯ ಬಾಲಾಘಾಟದಲ್ಲಿ ಹುಟ್ಟಿ ಭಾಲ್ಕಿ, ಔರಾದ, ಬೀದರ ತಾಲೂಕುಗಳ ಮೂಲಕ ಹರಿಯುವ ಮಂಜೀರಾ ನದಿ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಗೋದಾವರಿ ಸೇರುವ ಬಂಗಾಳ ಕೊಲ್ಲಿ ಆಲಿವ್ ರಿಡ್ಲೆ ಆಮೆಗಳ ಕಡಲು. ದಾರಿಯಲ್ಲಿ ಅಣೆಕಟ್ಟುಗಳಿವೆ, ನಿಜ. ಆದರೆ ಮಹಾಪೂರದ ದಿನ ಹೊಳೆ ಯಾರ ಕಸವನ್ನೂ ವಿಂಗಡಿಸುವುದಿಲ್ಲ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲ ಕಡಲಾಮೆಗೆ ತಾನು ತಿನ್ನುವ ಅಂಬಲಿಮೀನಿನಂತೆ ಕಾಣುತ್ತದೆ. ನೀರನ್ನು ಸೋಸಿ, ಬಟ್ಟೆಯ ಮೇಲುಳಿದ ಜೀವಾಣುಗಳನ್ನು ಅದೇ ಬಾವಿಗೆ ಮರಳಿ ಬಿಡುವ ನಾವು, ಪ್ರಸಾದದ ಚೀಲವನ್ನು ಹೊಳೆಗೆ ಎಸೆದರೆ ಆ ಸೋಸುವಿಕೆಗೆ ಅರ್ಥವೇನು?

ಮಂಜೀರೆಯಲ್ಲೂ ಆಮೆಗಳುಂಟು. ತೆಲಂಗಾಣದಲ್ಲಿ ಇದೇ ನದಿಯ ಮೇಲೆ 1978ರಲ್ಲಿ ಆದ ಅಭಯಾರಣ್ಯದಲ್ಲಿ ಮೊಸಳೆಗಳೊಡನೆ ಆಮೆಗಳಿಗೂ ಆಶ್ರಯ ದೊರೆತಿದೆ. 'ಅಭಯಾರಣ್ಯ' ಎಂಬ ಸರ್ಕಾರಿ ಪದದಲ್ಲಿಯೇ ನಮ್ಮ ದಾನದ ಹೆಸರಿದೆ. ದಕ್ಷಿಣ ಭಾರತದ ನದಿಗಳಲ್ಲಿ ಮಾತ್ರ ಬಾಳುವ ಲೀಥನ ಮೆದುಚಿಪ್ಪಿನ ಆಮೆ ಇಂದು ತೀವ್ರ ಅಳಿವಿನಂಚಿನಲ್ಲಿದೆ. ಅದರ ಅಂತಾರಾಷ್ಟ್ರೀಯ ವ್ಯಾಪಾರವನ್ನು 2022ರಲ್ಲಿ ಪನಾಮಾದ ಸಮ್ಮೇಳನ ನಿಷೇಧಿಸಿತು. ನದಿಯ ಆಮೆಗಳೂ ದಡದ ಮರಳು ಮಣ್ಣಿನಲ್ಲಿಯೇ ಮೊಟ್ಟೆಯಿಡುತ್ತವೆ. ಮಂಜೀರೆಯ ಪಾತ್ರದಿಂದ ಮರಳು ತುಂಬಿ ಹೋಗುವ ಗಾಡಿಗಳು ಭಾಲ್ಕಿ, ಔರಾದದವರಿಗೆ ಹೊಸ ದೃಶ್ಯವಲ್ಲ. ಆ ಮರಳಿನಿಂದ ಎದ್ದ ಗೋಡೆಗಳಲ್ಲಿ ನಮ್ಮ ಮನೆಗಳದೂ ಇವೆ. ಐಶ್ವರ್ಯ ಬರುವುದೆಂದು ನಕ್ಷತ್ರ ಆಮೆಯನ್ನು ತೊಟ್ಟಿಯಲ್ಲಿಟ್ಟು ಸಾಕುವ ಭ್ರಮೆಯೂ ಕೆಲವೆಡೆ ಇದೆ. ಅದು ಕಾನೂನಿಗೂ ವಿರುದ್ಧ, ವ್ರತಕ್ಕೂ ವಿರುದ್ಧ.

ಮುಂದಿನ ಪರ್ವಕ್ಕೆ ಮೂರೂ ಊರಿನ ಕುಟುಂಬಗಳು ಶಕ್ತ್ಯನುಸಾರ ನಾಲ್ಕು ನಿಯಮಗಳನ್ನು ಸ್ವೀಕರಿಸಬಹುದೆಂದು ನನ್ನ ವಿನಂತಿ. ಉಳಿತಾಯದ ಹಣ ಎಲ್ಲಿದೆಯೆಂದು ವರ್ಷಕ್ಕೊಮ್ಮೆ ವಿಚಾರಿಸುವುದು. ಹೊಳೆಯ ದಡದಲ್ಲಿ ಪ್ಲಾಸ್ಟಿಕ್ ತ್ಯಾಗ. ಮೂಡಬಿದಿರೆ, ಕಾರ್ಕಳ, ಗೇರುಸೊಪ್ಪೆಗಳ ಯಾತ್ರೆಗೆ ಹೋದಾಗ ಗೂಡು ಕಾಯುವ ಮೀನುಗಾರರನ್ನು ಕಂಡು, ಯಾತ್ರೆಯ ದಾನದಲ್ಲಿ ಒಂದು ಪಾಲನ್ನು ಅವರ ಕಾವಲಿಗೆ ಕೊಡುವುದು. ಮತ್ತು ನಮ್ಮಲ್ಲಿ ಓದಿದ ಮಕ್ಕಳು ಮಾಹಿತಿ ಹಕ್ಕಿನ ಮೂಲಕ ಮಂಜೀರೆಯ ಮರಳಿನ ಲೆಕ್ಕ ಕೇಳುವಾಗ ಅವರ ಬೆನ್ನ ಹಿಂದೆ ನಿಲ್ಲುವುದು.

ಈ ಲೇಖನವನ್ನು ಆ ಹಿರಿಯರಿಗೆ ಓದಿ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ನಿಶ್ಚಯನಯದ ಮಾತನ್ನು ಮತ್ತೊಮ್ಮೆ ನೆನಪಿಸಿದರು. ಆದರೆ ಮಂಜೀರೆಯ ಮರಳಿನ ಬಗ್ಗೆ ಆ ಹುಡುಗಿ ಬರೆದು ತಂದ ಮನವಿಗೆ ಮೊದಲ ಸಹಿ ಹಾಕಿದವರು ಅವರೇ. ಉಳಿದ ಸಹಿಗಳಿಗೆ ಕಾಗದದಲ್ಲಿ ಇನ್ನೂ ಸ್ಥಳವಿದೆ.